ಗಾಜಿನ ಹಲಗೆಯ ಮೇಲೆ ಓನಾಮ

ಕನ್ನಡದಲ್ಲಿ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ದೊಡ್ಡವರು ಬರೆದಿಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಬೆರಳನ್ನೋ ಬಳಪವನ್ನೋ ಆಡಿಸುವುದು ಒಂದು. ಆದ ತಪ್ಪನ್ನು ಸರಿಪಡಿಸುವುದು ಇನ್ನೊಂದು. ಬರವಣಿಗೆಯ ಹೊಸ್ತಿಲಲ್ಲಿ ನಿಂತ ಮಗುವಿನ ಮಟ್ಟಿಗೆ ಇವೆರಡೂ ಬೇರೆ ಬೇರೆ ಕೆಲಸಗಳಲ್ಲವೆಂಬುದನ್ನು, ಅಭ್ಯಾಸವೂ ತಪ್ಪೂ ತಪ್ಪಿನ ಪರಿಹಾರವೂ ಅಲ್ಲಿ ಒಂದೇ ಬೆರಳಿನ ಒಂದೇ ಓಟದಲ್ಲಿ ಬೆರೆತುಹೋಗಿರುತ್ತವೆಂಬುದನ್ನು ಬಲ್ಲವರೇ ಈ ಮಾತನ್ನು ಬಳಕೆಗೆ ತಂದಿರಬೇಕೆಂದು ನನಗೆ ತೋರುತ್ತದೆ. ಮರಳು ಹರಡಿದ ಹಲಗೆ ಇದ್ದ ಜಾಗಕ್ಕೆ ಇಂದು ಗಾಜಿನ ಹಲಗೆ ಬಂದಿದೆ. ಅದರ ಮೇಲೆ ಮೂರು ನಾಲ್ಕು ವರ್ಷದ ಮಕ್ಕಳು ಆಡುವ ಆಟ ಬರವಣಿಗೆಗೆ ಸಿದ್ಧತೆಯಾಗಬಲ್ಲುದೇ ಅಥವಾ ಬರಿಯ ಕಾಲಹರಣವೇ ಎಂದು ತಂದೆತಾಯಿಗಳು ಕಳವಳದಿಂದ ಕೇಳುವಾಗ, ಉತ್ತರಕ್ಕಾಗಿ ನಾನು ಮೊದಲು ಹೋಗುವುದು ಈ ಹಳೆಯ ಮಾತಿನ ಬಳಿಗೆ.

ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳನ್ನು ತಮ್ಮ ಕೈಯೊಳಗೆ ಹಿಡಿದು ಹಿರಿಯರು ಓನಾಮ ಬರೆಯಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದುಬಂದಿದೆ. ಹಿಂದಿನ ಕೂಲಿಮಠಗಳಲ್ಲಿ ಇದೇ ಕ್ರಮ ಒಂದು ದಿನದ ಶಾಸ್ತ್ರವಾಗಿರದೆ ತಿಂಗಳುಗಟ್ಟಲೆಯ ಪಾಠವಾಗಿತ್ತು: ಐಗಳು ನೆಲದ ಮೇಲೆ ಮರಳು ಹರಡಿ ಅಕ್ಷರವನ್ನು ಬರೆದುಕೊಡುವರು, ಮಗು ಅದರ ಮೇಲೆ ಬೆರಳಾಡಿಸುತ್ತ ಅಕ್ಷರದ ಹೆಸರನ್ನು ಗಟ್ಟಿಯಾಗಿ ಹೇಳುವುದು, ಅಂಗೈಯಿಂದ ಒಮ್ಮೆ ಸವರಿದರೆ ಎಲ್ಲವೂ ಅಳಿಸಿ ಮರಳು ಮತ್ತೆ ಹೊಸದಾಗುವುದು. ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತವಾಗಲಿ, ಬಳಪ ಹಿಡಿದು ಬರೆಯುವ ಹಲಗೆಯಾಗಲಿ ಆಮೇಲಿನ ಮಾತು. ಅವಕ್ಕೂ ಅಳಿಸುವ ಗುಣ ಉಂಟು. ಅಳಿಸಲಾಗದ ಶಾಯಿಯೂ ಕಾಗದವೂ ಮಗುವಿನ ಕೈಗೆ ಬರುತ್ತಿದ್ದುದು ಕೈ ಪಳಗಿದ ಮೇಲೆ. ತಪ್ಪು ಶಾಶ್ವತವಾಗಿ ನಿಲ್ಲುವ ವಸ್ತುವನ್ನು ತಪ್ಪು ಮಾಡಲೇಬೇಕಾದ ವಯಸ್ಸಿನವರಿಗೆ ಕೊಡಬಾರದೆಂಬ ವಿವೇಕ ಈ ಅನುಕ್ರಮದಲ್ಲಿ ಅಡಗಿದೆ.

ಈ ಮರಳಿನ ಪಾಠ ನಮ್ಮ ನಾಡಿನ ಗಡಿಯೊಳಗೇ ಉಳಿದುಹೋಗಲಿಲ್ಲ ಎಂಬುದು ಅನೇಕರಿಗೆ ತಿಳಿಯದ ಸಂಗತಿ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆ್ಯಂಡ್ರೂ ಬೆಲ್ ಎಂಬ ಪಾದ್ರಿ, ಆಗಿನ ಆಂಗ್ಲರು ಮಲಬಾರ್ ಶಾಲೆಯೆಂದು ಕರೆಯುತ್ತಿದ್ದ ದೇಶೀಯ ಪಾಠಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಆಚರಣೆಗೆ ತಂದನು. 1797ರಲ್ಲಿ ಆತ ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯ ಮೂಲಕ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹೋಯಿತು. ಅಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಮುಂದೆ 1907ರ ಜನವರಿಯಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮರಿಯಾ ಮಾಂಟೆಸರಿ ಮಕ್ಕಳ ಮನೆಯನ್ನು ತೆರೆದಳು. ಆಕೆ ಮರಳುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳು ಎರಡು ಬೆರಳುಗಳಿಂದ ಅವುಗಳ ಮೈಯನ್ನು ಸವರುತ್ತ ಧ್ವನಿಯನ್ನು ಉಚ್ಚರಿಸುವಂತೆ ಮಾಡಿದಾಗ, ಓದಲು ಬರುವುದಕ್ಕೆ ಮೊದಲೇ ಆ ಮಕ್ಕಳಿಗೆ ಬರೆಯಲು ಬಂದಿತು. ಆಕೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದಿಳಿದದ್ದನ್ನು ನೆನೆದರೆ, ಎಗ್ಮೋರಿನಿಂದ ಹೊರಟ ಮರಳು ಒಂದೂವರೆ ಶತಮಾನದ ಮೇಲೆ ಅದೇ ಊರಿಗೆ ಮರಳಿ ಬಂದಂತೆ ನನಗೆ ಭಾಸವಾಗುತ್ತದೆ.

ಹೀಗೆ ನೋಡಿದರೆ ಬೆರಳಿನಿಂದ ಬರೆದು ಬೆರಳಿನಿಂದಲೇ ಅಳಿಸಬಹುದಾದ ಟ್ಯಾಬ್ಲೆಟ್ಟು ಮರಳಿನ ವಂಶಕ್ಕೆ ಸೇರಿದ್ದೆಂದೇ ಹೇಳಬೇಕು. ಆದರೆ ವಂಶ ಒಂದೇ ಆದಮಾತ್ರಕ್ಕೆ ಗುಣ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಇದು ನನಗೆ ಮನವರಿಕೆಯಾದದ್ದು ಕಳೆದ ದಸರೆಯ ರಜೆಯಲ್ಲಿ.

ನಾಲ್ಕೂವರೆ ವರ್ಷದ ನನ್ನ ಮೊಮ್ಮಗಳು ಜಗಲಿಯ ಕಂಬಕ್ಕೆ ಒರಗಿ, ಮೊಣಕಾಲ ಮೇಲೆ ಟ್ಯಾಬ್ಲೆಟ್ಟನ್ನಿಟ್ಟುಕೊಂಡು, ಕನ್ನಡ ಅಕ್ಷರಗಳನ್ನು ಕಲಿಸುವ ಒಂದು ಆಟವನ್ನು ಆಡುತ್ತಿದ್ದಳು. ಪರದೆಯ ಮೇಲೆ ಚುಕ್ಕಿಗಳಿಂದ ಮೂಡಿದ ಒಂದು ‘ಅ’. ಆರಂಭಿಸಬೇಕಾದ ಎಡೆಯಲ್ಲಿ ಒಂದು ಹಸುರು ಚಿಟ್ಟೆ. ಬೆರಳು ಚಿಟ್ಟೆಯನ್ನು ತಳ್ಳುತ್ತ ಚುಕ್ಕಿಗಳ ದಾರಿಯಲ್ಲಿ ಸಾಗಿದರೆ ಹಿಂದೆ ಬಣ್ಣ ತುಂಬುತ್ತದೆ. ದಾರಿ ತಪ್ಪಿದರೂ ಚಿಟ್ಟೆ ತಾನಾಗಿ ದಾರಿಗೆ ಬಂದು ಸೇರುತ್ತದೆ. ಕೊನೆಯಲ್ಲಿ ಗಂಟೆ ಬಾರಿಸಿ ಮೂರು ನಕ್ಷತ್ರಗಳು ಉದುರುತ್ತವೆ. ನಾನು ಎಣಿಸುತ್ತ ಕುಳಿತಿದ್ದಂತೆ ಅವಳು ಹದಿನೇಳು ಸಲ ‘ಅ’ ತಿದ್ದಿದಳು. ಹದಿನೇಳು ಸಲವೂ ಮೂರು ನಕ್ಷತ್ರಗಳು ಉದುರಿದವು. ಆಗ ನಾನು ಅಟ್ಟದ ಮೇಲಿಂದ ಹಳೆಯ ಹಲಗೆಯನ್ನು ತಂದು, ಒರಸಿ, ಬಳಪವನ್ನು ಅವಳ ಕೈಗೆ ಕೊಟ್ಟು, ಅದೇ ಅಕ್ಷರವನ್ನು ಇದರ ಮೇಲೆ ಬರಿ ಮಗೂ ಎಂದೆ. ಅವಳು ಬಳಪವನ್ನು ಹಲಗೆಯ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹಿಡಿದುಕೊಂಡು, ಕರಿಯ ಮೈಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ನನ್ನ ಮುಖವನ್ನು ನೋಡಿ ಕೇಳಿದಳು: “ಚುಕ್ಕಿ ಎಲ್ಲಿ, ತಾತ?”

ಆ ಪ್ರಶ್ನೆ ಹಲವು ದಿನ ನನ್ನನ್ನು ಬಿಡಲಿಲ್ಲ. ಮಗು ಅಷ್ಟು ಹೊತ್ತು ಮಾಡಿದ್ದು ಏನನ್ನು? ಅಕ್ಷರವನ್ನು ತಿದ್ದಿದ್ದೇನೋ ನಿಜ. ಆದರೆ ಅಕ್ಷರದ ಆಕಾರವನ್ನು ತನ್ನ ಮನಸ್ಸಿನಿಂದ ಹೊರಕ್ಕೆ ತಂದು ನಿಲ್ಲಿಸುವ ಪ್ರಯತ್ನವನ್ನು ಅವಳು ಒಮ್ಮೆಯೂ ಮಾಡಬೇಕಾಗಿ ಬಂದಿರಲಿಲ್ಲ. ದಾರಿ ಚುಕ್ಕಿಗಳದ್ದು, ಚಾಲನೆ ಚಿಟ್ಟೆಯದ್ದು, ತಿದ್ದುಪಡಿ ಯಂತ್ರದ್ದು. ಮಗುವಿನದಾಗಿ ಉಳಿದದ್ದು ಬೆರಳು ಮಾತ್ರ. ‘ತಿದ್ದು’ ಎಂಬ ಮಾತಿನ ಎರಡು ಅರ್ಥಗಳಲ್ಲಿ ಎರಡನೆಯದನ್ನು ಆ ಆಟ ಅವಳಿಂದ ಕಿತ್ತುಕೊಂಡಿತ್ತು.

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಎಂಬ ವಿದುಷಿ ತನ್ನ ಸಹೋದ್ಯೋಗಿಯೊಡನೆ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಆಸುಪಾಸಿನ ಮಕ್ಕಳಿಂದ ಕೆಲವು ಅಕ್ಷರಗಳನ್ನು ತಮ್ಮ ಕೈಯಿಂದ ಸ್ವತಂತ್ರವಾಗಿ ಬರೆಯಿಸಿ, ಕೆಲವನ್ನು ಗೆರೆಯ ಮೇಲೆ ತಿದ್ದಿಸಿ, ಕೆಲವನ್ನು ಕೀಲಿಮಣೆಯ ಮೇಲೆ ಒತ್ತಿಸಿ, ಅನಂತರ ಆ ಅಕ್ಷರಗಳನ್ನು ನೋಡುವಾಗ ಅವರ ಮಿದುಳಿನಲ್ಲಿ ನಡೆಯುವ ವ್ಯಾಪಾರವನ್ನು ಚಿತ್ರಿಸಿದಳು. ಮುಂದೆ ಓದುವುದಕ್ಕೆ ಬೇಕಾಗುವ ಮಿದುಳಿನ ಭಾಗಗಳು ಎಚ್ಚೆತ್ತದ್ದು ಮಕ್ಕಳು ತಾವಾಗಿ ಬರೆದಿದ್ದ ಅಕ್ಷರಗಳನ್ನು ಕಂಡಾಗ. ಒತ್ತಿದ ಅಕ್ಷರಗಳಿಗೂ ಬರಿಯ ತಿದ್ದಿದ ಅಕ್ಷರಗಳಿಗೂ ಅಂತಹ ಸ್ಪಂದನ ಕಾಣಲಿಲ್ಲ. ಇದಕ್ಕೆ ಆಕೆ ಸೂಚಿಸುವ ಕಾರಣ ಬಹಳ ಮನೋಹರವಾದದ್ದು: ಮಗು ತಾನಾಗಿ ಬರೆದ ಅಕ್ಷರ ಪ್ರತಿಸಲವೂ ಬೇರೆಯಾಗಿರುತ್ತದೆ. ಒಮ್ಮೆ ಹೊಟ್ಟೆ ದೊಡ್ಡದು, ಒಮ್ಮೆ ಬಾಲ ಗಿಡ್ಡ, ಒಮ್ಮೆ ಇಡಿಯ ಅಕ್ಷರವೇ ಮಗ್ಗುಲಾಗಿ ಮಲಗಿರುತ್ತದೆ. ಇಷ್ಟೊಂದು ವಿಕೃತ ರೂಪಗಳನ್ನು ತಾನೇ ಸೃಷ್ಟಿಸಿ ನೋಡಿದ ಮೇಲೆ, ಇವೆಲ್ಲವೂ ಒಂದೇ ಅಕ್ಷರವೆಂಬ ಸಾಮಾನ್ಯಜ್ಞಾನ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಆದಕಾರಣ ಮಗುವಿನ ಸೊಟ್ಟ ಅಕ್ಷರ ಕ್ಷಮಿಸಿ ಬಿಡಬೇಕಾದ ದೋಷವೆಂದು ತಿಳಿಯುವುದಕ್ಕಿಂತ ಕಲಿಕೆಯ ಮೂಲದ್ರವ್ಯವೆಂದು ತಿಳಿಯುವುದು ಸತ್ಯಕ್ಕೆ ಹತ್ತಿರ. ಇದಕ್ಕೂ ಮುಂಚೆ, 2005ರಲ್ಲಿ, ಫ್ರಾನ್ಸಿನ ಮರಿಯೆಕ್ ಲಾಂಗ್‌ಕ್ಯಾಂಪ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದೊಳಗಿನ 76 ಮಕ್ಕಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಕೈಬರಹದಿಂದಲೂ ಇನ್ನೊಂದಕ್ಕೆ ಕೀಲಿಮಣೆಯಿಂದಲೂ ಅಕ್ಷರಗಳನ್ನು ಕಲಿಸಿದ್ದರು. ಅವರಲ್ಲಿ ದೊಡ್ಡ ಮಕ್ಕಳು ಕೈಯಿಂದ ಬರೆದ ಅಕ್ಷರಗಳನ್ನೇ ಹೆಚ್ಚು ಚೆನ್ನಾಗಿ ಗುರುತಿಸಿದರು.

ಹಾಗಾದರೆ ಗಾಜಿನ ಹಲಗೆಯನ್ನು ಕಸಿದು ಅಟ್ಟದ ಮೇಲಿಡಬೇಕೆ? ಹಾಗೆ ತೀರ್ಪು ಕೊಡುವುದು ಆತುರವಾದೀತು. ಆಸ್ಟ್ರೇಲಿಯಾದ ಮಿಶೆಲ್ ನ್ಯೂಮನ್ ಎಂಬ ಸಂಶೋಧಕಿ ಎರಡರಿಂದ ಐದು ವರ್ಷದ 48 ಮಕ್ಕಳನ್ನು ಆಯ್ದು, ಅವರಲ್ಲಿ ಒಂದು ಗುಂಪಿಗೆ ಟ್ಯಾಬ್ಲೆಟ್ಟಿನ ಮೇಲೆ ಅಕ್ಷರ ಜೋಡಿಸುವ, ಅಕ್ಷರ ತಿದ್ದುವ, ಚಿತ್ರ ಬಿಡಿಸುವ ಆಟಗಳನ್ನು 9 ವಾರಗಳ ಕಾಲ ಆಡಿಸಿದಾಗ, ಆ ಮಕ್ಕಳು ಅಕ್ಷರಗಳ ಹೆಸರು ಮತ್ತು ಧ್ವನಿಯ ಜ್ಞಾನದಲ್ಲಿ ಮಾತ್ರವಲ್ಲದೆ ತಮ್ಮ ಹೆಸರನ್ನು ತಾವೇ ಬರೆಯುವ ಸಾಮರ್ಥ್ಯದಲ್ಲಿಯೂ ಮುಂದಾದರೆಂದು 2018ರಲ್ಲಿ ವರದಿ ಮಾಡಿದ್ದಾಳೆ. ಈ ಆಟಗಳಲ್ಲಿ ಚಿತ್ರ ಬಿಡಿಸುವುದೂ ಸೇರಿತ್ತೆಂಬುದನ್ನು ವಾಚಕರು ಗಮನಿಸಬೇಕು. ಇದಕ್ಕೆ ಎದುರಾಗಿ, ಜರ್ಮನಿಯಲ್ಲಿ ಶಿಶುವಿಹಾರದ ಮಕ್ಕಳಿಗೆ 7 ವಾರಗಳ ಕಾಲ ಪೆನ್ಸಿಲು, ಕೀಲಿಮಣೆ, ಗಾಜಿನ ಮೇಲೆ ಬರೆಯುವ ಸ್ಟೈಲಸ್ ಕಡ್ಡಿ ಇವುಗಳಿಂದ ಬೇರೆ ಬೇರೆಯಾಗಿ ಪಾಠ ಹೇಳಿ 2020ರಲ್ಲಿ ಪ್ರಕಟವಾದ ಅಧ್ಯಯನ, ಅಕ್ಷರಜ್ಞಾನಕ್ಕೆ ಪೆನ್ಸಿಲೇ ಲೇಸೆಂದೂ ನುಣುಪು ಗಾಜಿನ ಮೇಲಿನ ಕಡ್ಡಿ ಮೂರರಲ್ಲಿ ಹಿಂದೆ ಬಿದ್ದಿತೆಂದೂ ತಿಳಿಸುತ್ತದೆ. ಗಾಜಿಗೆ ತಡೆಯಿಲ್ಲ, ಕಡ್ಡಿ ಜಾರುತ್ತದೆ, ಜಾರುವ ಮೊನೆಯನ್ನು ಹತೋಟಿಯಲ್ಲಿಡುವುದಕ್ಕೆ ಮಗುವಿನ ಗಮನವೆಲ್ಲ ಸಂದುಹೋಗುತ್ತದೆ. ಮರಳಿಗೂ ಮರಳುಕಾಗದಕ್ಕೂ ಬಳಪದ ಕಲ್ಲಿಗೂ ಇದ್ದ ಒರಟು ಗಾಜಿಗಿಲ್ಲ. ಆ ಒರಟೇ ಬೆರಳಿಗೆ ಗುರುವಾಗಿತ್ತು.

ಮಗುವಿನ ಕೈಯ ವಿಚಾರವನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಬರೆಯುವುದನ್ನು ಬುದ್ಧಿಯ ಕೆಲಸವೆಂದೇ ಎಣಿಸಿ, ಮೂರನೆಯ ವರ್ಷಕ್ಕೇ ಮಗುವಿಗೆ ನಾಲ್ಕು ಗೆರೆಯ ಪುಸ್ತಕವನ್ನು ಕೊಟ್ಟು ಕೂರಿಸುವ ತಂದೆತಾಯಿಗಳು ಕೈಯೆಂಬ ಅಂಗವನ್ನು ಮರೆತಿರುತ್ತಾರೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೃದ್ವಸ್ಥಿಗಳು. ಒಂದೊಂದಾಗಿ ಗಟ್ಟಿಯಾಗುತ್ತ ಬಂದು ಕೊನೆಯದು ಅಸ್ಥಿರೂಪಕ್ಕೆ ತಿರುಗುವಾಗ ಮಗುವಿಗೆ ಒಂಬತ್ತು ಹತ್ತು ವರ್ಷವಾದರೂ ಆಗಿರುತ್ತದೆ. ಗೆರೆಗಳನ್ನು ನೋಡಿ ಬರೆಯುವ ಶಕ್ತಿಗೂ ಒಂದು ಸಹಜಕ್ರಮವುಂಟು: ಎರಡರ ಸುಮಾರಿಗೆ ನೆಟ್ಟಗಿನ ಗೆರೆ, ಮೂರರ ಹೊತ್ತಿಗೆ ಸೊನ್ನೆ, ನಾಲ್ಕಕ್ಕೆ ಕೂಡುಗೆರೆ, ಆಮೇಲೆ ಚೌಕ, ಐದು ದಾಟಿದ ಮೇಲೆ ತ್ರಿಕೋನ. ಕನ್ನಡದ ಮಕ್ಕಳ ಭಾಗ್ಯವೆಂದರೆ ನಮ್ಮ ಲಿಪಿ ಸೊನ್ನೆಯಿಂದ ಹುಟ್ಟಿದ ಲಿಪಿ. ರ, ಠ, ದ, ಗ ಇವೆಲ್ಲ ಸೊನ್ನೆಯನ್ನೇ ಅಲ್ಲಿ ಒಡೆದು ಇಲ್ಲಿ ಕೂಡಿಸಿದ ಆಕೃತಿಗಳು. 1995ರಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ ಕ್ರಮೇಣ ನಾಡೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ‘ಅ ಆ ಇ ಈ’ ಎಂಬ ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ‘ರ ಗ ಸ ದ ಅ’ ಎಂದು ಆರಂಭಿಸಿದವರ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಬರೆಯಬಲ್ಲುದು. ಕೈಗೂ ಸುಲಭ, ಬಾಯಿಗೂ ರುಚಿ.

ಕೈಯನ್ನು ಹದಗೊಳಿಸುವ ಆಟಗಳು ಗಾಜಿನೊಳಗೆ ಇಲ್ಲ. ಅಳಗುಳಿಮಣೆಯ ಗುಳಿಯಿಂದ ಹುಣಿಸೆಬೀಜಗಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಹೆಕ್ಕುವುದು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದು, ಚಪಾತಿ ಹಿಟ್ಟನ್ನು ನಾದಿ ಹಾವು ಮಾಡುವುದು, ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿಯ ಎಳೆ ಬಿಡುವುದು, ಇವೆಲ್ಲ ಲೇಖನಿ ಹಿಡಿಯುವ ಬೆರಳುಗಳಿಗೆ ವ್ಯಾಯಾಮ. ರಂಗೋಲಿಯಲ್ಲಿಯೂ ಚುಕ್ಕಿಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಇವೆ, ಆದರೆ ಎಳೆ ಯಾವ ಚುಕ್ಕಿಯನ್ನು ಬಳಸಿ ಎಲ್ಲಿಗೆ ತಿರುಗಬೇಕೆಂಬುದನ್ನು ಚುಕ್ಕಿಗಳು ಹೇಳುವುದಿಲ್ಲ, ಇಡುವವಳ ಮನಸ್ಸು ಹೇಳುತ್ತದೆ. ಅಂತಹ ಚುಕ್ಕಿಗಳು ಬೇಕು.

ಇಷ್ಟನ್ನೂ ಒಪ್ಪಿಕೊಂಡ ಮೇಲೆ, ಮರಳಿಗೆ ಅಸಾಧ್ಯವಾದ ಕೆಲವು ಉಪಕಾರಗಳನ್ನು ಗಾಜು ಮಾಡಬಲ್ಲುದೆಂಬುದನ್ನೂ ಸಂತೋಷದಿಂದ ಒಪ್ಪಿಕೊಳ್ಳಬೇಕು. ಮೊದಲನೆಯದಾಗಿ, ಅಚ್ಚಾದ ಅಕ್ಷರ ನಿಂತ ನೀರು. ಅದು ಎಲ್ಲಿಂದ ಹುಟ್ಟಿ ಯಾವ ಕಡೆಗೆ ಹರಿಯಿತೆಂಬುದನ್ನು ಪುಸ್ತಕ ತೋರಿಸಲಾರದು. ಪರದೆಯಾದರೋ ಅಕ್ಷರ ಹುಟ್ಟುವ ಬಗೆಯನ್ನೇ, ಕಾಲದಲ್ಲಿ ನಡೆಯುವ ಒಂದು ಚಲನೆಯಾಗಿ, ಎಷ್ಟು ಸಲ ಬೇಕಾದರೂ ಬೇಸರವಿಲ್ಲದೆ ತೋರಿಸಬಲ್ಲುದು. ಕನ್ನಡದಂತಹ ಲಿಪಿಗೆ ಇದು ಸಣ್ಣ ಉಪಕಾರವಲ್ಲ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ ಎಂದು 49 ಅಕ್ಷರಗಳೇ ಆದರೂ, ವ್ಯಂಜನಗಳಿಗೆ ಸ್ವರಗಳು ಕೂಡಿದಾಗ ಗುಣಿತಾಕ್ಷರಗಳು 442 ಆಗುತ್ತವೆ. ಒತ್ತಕ್ಷರಗಳ ಸಂಖ್ಯೆ ಬೇರೆ. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಕುರಿತು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಈ ಅಕ್ಷರಸಮೂಹ ಕೈವಶವಾಗುವ ಕಾರ್ಯ ಒಂದನೆಯ ತರಗತಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ತಿಳಿದುಬರುತ್ತದೆ. ಕೆಲವೇ ಅಕ್ಷರಗಳ ಲಿಪಿಗಳಿಗಾಗಿ ಬೇರೆ ದೇಶಗಳಲ್ಲಿ ಸಿದ್ಧವಾದ ಆಟಗಳನ್ನು ಹಾಗೆಯೇ ಎತ್ತಿ ತಂದು ಅಕ್ಷರಗಳನ್ನು ಮಾತ್ರ ಬದಲಿಸಿದರೆ ನಮ್ಮ ಮಕ್ಕಳಿಗೆ ಸಾಲದೆಂಬುದು ಇದರ ತಾತ್ಪರ್ಯ.

ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ವಟ್ರಸುಳಿ! ನಮ್ಮ ಹಿರಿಯರು ಸ್ವರಚಿಹ್ನೆಗಳಿಗೆ ಇಟ್ಟ ಈ ಹೆಸರುಗಳು ಎಷ್ಟು ಚಿತ್ರಮಯವಾಗಿವೆ! ‘ಕಕಾರಕ್ಕೆ ಗುಡಿಸು ಕಿ, ಕಕಾರಕ್ಕೆ ಕೊಂಬು ಕು’ ಎಂದು ರಾಗವಾಗಿ ಒಪ್ಪಿಸುತ್ತಿದ್ದ ಮಕ್ಕಳಿಗೆ ಚಿಹ್ನೆ, ಹೆಸರು, ಧ್ವನಿ ಇವು ಒಟ್ಟಿಗೇ ಬರುತ್ತಿದ್ದವು. ಈಗ ಒಂದು ಆಟವನ್ನು ಊಹಿಸಿಕೊಳ್ಳಿ: ಪರದೆಯ ನಡುವೆ ತಲೆಕಟ್ಟು ಹೊತ್ತ ‘ಕ’ ನಿಂತಿದೆ, ಮಗು ಗುಡಿಸನ್ನು ಬೆರಳಿನಿಂದ ಎಳೆದು ತಂದು ಅದರ ತಲೆಯ ಮೇಲಿಟ್ಟರೆ ತಲೆಕಟ್ಟು ಸರಿದು ‘ಕಿ’ ಆಗುತ್ತದೆ, ‘ಕಿ’ ಎಂಬ ಧ್ವನಿ ಕೇಳಿಸುತ್ತದೆ, ಗುಡಿಸನ್ನು ತೆಗೆದು ಕೊಂಬನ್ನು ಸೇರಿಸಿದರೆ ಧ್ವನಿಯೂ ಆಕಾರವೂ ಒಟ್ಟಿಗೆ ಬದಲಾಗುತ್ತವೆ. ಒಂದೇ ಅಕ್ಷರದೊಳಗೆ ವ್ಯಂಜನವೊಂದು ಸ್ವರವೊಂದು ಕೂಡಿವೆಯೆಂಬ ವ್ಯಾಕರಣರಹಸ್ಯವನ್ನು ಐದು ವರ್ಷದ ಮಗು ತನ್ನ ಬೆರಳಿನಿಂದ ಬಿಡಿಸಿ ನೋಡಬಲ್ಲುದು. ಅರ್ಕಾವೊತ್ತಿನ ತೊಡಕನ್ನೂ ಹೀಗೆಯೇ ನಿವಾರಿಸಬಹುದು. ‘ಅರ್ಕ’ ಎನ್ನುವಾಗ ರಕಾರದ ಧ್ವನಿ ಮೊದಲು, ಚಿಹ್ನೆ ಅನಂತರ. ಬಾಯಿ ಹೇಳುವ ಕ್ರಮಕ್ಕೂ ಕೈ ಬರೆಯುವ ಕ್ರಮಕ್ಕೂ ಇರುವ ಈ ವ್ಯತ್ಯಾಸವನ್ನು ನಿಂತ ಅಕ್ಷರ ಬಚ್ಚಿಡುತ್ತದೆ, ಚಲಿಸುವ ಅಕ್ಷರ ಬಿಚ್ಚಿಡುತ್ತದೆ. ಕೈಬರಹ ಒಂದು ಹದಕ್ಕೆ ಬಂದ ಮೇಲೆ, ಆರೇಳು ವರ್ಷದ ಮಕ್ಕಳಿಗೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಅನುಸರಿಸುವ ಕೀಲಿಮಣೆಯೂ ಇದೇ ಪಾಠವನ್ನು ಹೇಳುತ್ತದೆ: ಕಕಾರದ ಕೀಲಿಯನ್ನು ಒತ್ತಿ, ಒತ್ತಿಗೆಂದು ಇಟ್ಟ ಎಫ್ ಕೀಲಿಯನ್ನು ಒತ್ತಿ, ಮತ್ತೆ ಕಕಾರವನ್ನು ಒತ್ತಿದರೆ ಎರಡನೆಯ ಕಕಾರ ಮೊದಲನೆಯದರ ಅಡಿಗೆ ಇಳಿದು ನಿಲ್ಲುವುದನ್ನು ಕಂಡ ಮಗು, ಒತ್ತಕ್ಷರವೆಂದರೇನೆಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ.

ಬರವಣಿಗೆಯೆಂದರೆ ಅಕ್ಷರಗಳ ಆಕಾರವಷ್ಟೇ ಎಂಬಂತೆ ಇಷ್ಟು ಹೊತ್ತು ಮಾತನಾಡಿದೆ. ಆದರೆ ಬರೆಯುವವನಿಗೆ ಹೇಳಬೇಕಾದ ಮಾತೊಂದು ಇರಬೇಕಲ್ಲವೆ? ರಷ್ಯದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ, ಮಗುವಿನ ಬರವಣಿಗೆಗೆ ಅಕ್ಷರಾಭ್ಯಾಸಕ್ಕಿಂತ ಬಹಳ ಹಿಂದಿನ ಒಂದು ಪೂರ್ವಚರಿತ್ರೆಯುಂಟೆಂದು ತೋರಿಸಿಕೊಟ್ಟನು. ಕೈಸನ್ನೆ ಮೊದಲು, ಆಟ ಆಮೇಲೆ, ಚಿತ್ರ ಅದಾದ ಮೇಲೆ. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗು, ಒಂದು ವಸ್ತು ಇನ್ನೊಂದು ವಸ್ತುವಿಗಾಗಿ ನಿಲ್ಲಬಲ್ಲುದೆಂಬ ತತ್ತ್ವವನ್ನು ಆಗಲೇ ಗ್ರಹಿಸಿದೆ. ಗೆರೆಯೊಂದು ಧ್ವನಿಗಾಗಿ ನಿಲ್ಲಬಲ್ಲುದೆಂಬುದು ಆ ತತ್ತ್ವದ ಮುಂದಿನ ಮೆಟ್ಟಿಲು. ಆದಕಾರಣ ಚುಕ್ಕಿಗಳನ್ನು ತಿದ್ದಿಸುವ ಆಟಕ್ಕಿಂತ, ಮಗು ತಾನೇ ಚಿತ್ರ ಬರೆದು, ತನ್ನ ಧ್ವನಿಯಲ್ಲಿಯೇ ಆ ಚಿತ್ರದ ಕತೆಯನ್ನು ಹೇಳಿ, ಮರಳಿ ಅದನ್ನು ಕೇಳಿಸಿಕೊಳ್ಳಬಹುದಾದ ಆಟ ಬರವಣಿಗೆಗೆ ಹೆಚ್ಚು ಹತ್ತಿರದ್ದೆಂದು ನಾನು ನಂಬಿದ್ದೇನೆ. ಆಡಿದ ಮಾತು ಗಾಳಿಯಲ್ಲಿ ಹೋಗಿಬಿಡುವುದಿಲ್ಲ, ಹಿಡಿದಿಟ್ಟು ಮತ್ತೆ ಕೇಳಬಹುದು, ಕೇಳಿ ಬದಲಿಸಬಹುದು ಎಂಬ ಅರಿವೇ ಬರಹದ ಮೊದಲ ಆಸೆಯನ್ನು ಹುಟ್ಟಿಸುತ್ತದೆ. ಓದುವುದಕ್ಕೆ ಬೇಕಾದ ಕತೆಗಳಿಗೂ ಈಗ ಕೊರತೆಯಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಸಚಿತ್ರ ಕತೆಗಳು ಹಣ ತೆರದೆ ಸಿಗುತ್ತವೆ.

ಮೊಮ್ಮಗಳ ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಿದ್ದೆ. ಆ ಚಿಟ್ಟೆಯ ಆಟವನ್ನು ಮುಚ್ಚಿ, ಅದೇ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆಯಲೆಂದು ಇದ್ದ ಬರಿಯ ಹಾಳೆಯನ್ನು ಅವಳಿಗೆ ತೆರೆದುಕೊಟ್ಟೆ. ಚುಕ್ಕಿಯಿಲ್ಲ, ಗಂಟೆಯಿಲ್ಲ, ನಕ್ಷತ್ರವಿಲ್ಲ. ಎರಡು ದಿನ ಬರಿಯ ಸುರುಳಿಗಳನ್ನು ಸುತ್ತಿದಳು, ಬಣ್ಣ ಬದಲಿಸಿ ಮತ್ತೆ ಸುತ್ತಿದಳು, ಅಳಿಸಿದಳು. ಮೂರನೆಯ ದಿನ ಸಂಜೆ ನಾನು ಕಾಫಿ ಕುಡಿಯುತ್ತಿದ್ದಾಗ ಓಡಿಬಂದು ಗಾಜಿನ ಹಲಗೆಯನ್ನು ನನ್ನ ಮುಂದೆ ಹಿಡಿದಳು. ಒಂದು ದೊಡ್ಡ ಸುರುಳಿ, ಅದರ ಪಕ್ಕಕ್ಕೆ ಒಂದು ಹೊಟ್ಟೆ, ಮೇಲೆ ಎರಡು ಕೊಂಬು. “ಇದು ಬಸವನಹುಳು ಅ,” ಎಂದಳು. ಎರಡು ಕೊಂಬು ಬಸವನಹುಳುವಿನವು, ಉಳಿದದ್ದು ‘ಅ’. ಆ ಅಕ್ಷರ ಯಾವ ಆಟದಲ್ಲಿಯೂ ಒಂದು ನಕ್ಷತ್ರವನ್ನೂ ಗಳಿಸಲಾರದು; ಆದರೆ ಅದು ಅವಳ ಒಳಗಿನಿಂದ ಬಂದದ್ದು. ಮಾರನೆಯ ದಿನ ಹಲಗೆ ಬಳಪ ಕೊಟ್ಟಾಗ ಅವಳು ಚುಕ್ಕಿಯನ್ನು ಕೇಳಲಿಲ್ಲ. ಅದೇ ಬಸವನಹುಳುವನ್ನು ಬರೆದಳು, ಬಳಪದ ಪುಡಿಯನ್ನು ಊದಿದಳು, ಅಂಗೈಯಿಂದ ಒರಸಿ ಇನ್ನೊಂದನ್ನು ಬರೆದಳು. ಗಾಜು ಅವಳನ್ನು ಕಲ್ಲಿನವರೆಗೆ ತಂದು ಬಿಟ್ಟಿತ್ತು. ಅದಕ್ಕಿಂತ ಹೆಚ್ಚಿನದನ್ನು ನಾನು ಗಾಜಿನಿಂದ ಅಪೇಕ್ಷಿಸುವುದಿಲ್ಲ.

ಹೊತ್ತಿನ ಮಿತಿಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ಪರದೆ ನೋಡುವ ಕಾಲ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು, ಅದಕ್ಕಿಂತ ಎಳೆಯರಿಗೆ ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಒಂದು ಗಂಟೆಯೊಳಗೂ ಅಕ್ಷರದ ಆಟಕ್ಕೆ ಕಾಲು ಗಂಟೆ ಸಾಕೆಂದು ನನ್ನ ಅನುಭವ. ಅದಕ್ಕಿಂತ ಮುಖ್ಯವಾದದ್ದು ಪಕ್ಕದಲ್ಲಿ ಕುಳಿತವರ ವಿಷಯ. ಅಕ್ಕಿಯ ತಟ್ಟೆಯ ಮುಂದೆ ಮಗು ಒಂಟಿಯಾಗಿ ಕುಳಿತದ್ದನ್ನು ಯಾರೂ ಕಂಡಿಲ್ಲ. ಅಲ್ಲಿ ಯಾವಾಗಲೂ ಒಂದು ತೊಡೆಯಿತ್ತು, ಬೆರಳನ್ನು ಹಿಡಿದ ಒಂದು ಕೈಯಿತ್ತು. ಟ್ಯಾಬ್ಲೆಟ್ಟನ್ನೋ ಮೊಬೈಲನ್ನೋ ಮಾತ್ರ ನಾವು ಮಗುವಿನ ಕೈಗಿತ್ತು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಆಗ ಆಟದೊಳಗಿನ ಗಂಟೆಯ ಸದ್ದು ಮನುಷ್ಯನ ಮೆಚ್ಚುಗೆಯ ಸ್ಥಾನವನ್ನು ಆಕ್ರಮಿಸುತ್ತದೆ. ದೂರದೇಶಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಇದಕ್ಕೆ ಒಂದು ಸುಂದರವಾದ ವಿಪರ್ಯಾಯವನ್ನು ನಾನು ಕೇಳಿ ಬಲ್ಲೆ: ಊರಿನಲ್ಲಿರುವ ಅಜ್ಜಿ ವಿಡಿಯೊ ಕರೆಯಲ್ಲಿ ಒಂದು ಸೊನ್ನೆ ಬರೆದು ತೋರಿಸುವುದು, ಸಾಗರದಾಚೆಯ ಮಗು ಅದಕ್ಕೆ ಕಿವಿ ಬಾಲ ಸೇರಿಸಿ ಬೆಕ್ಕು ಮಾಡುವುದು, ಅಜ್ಜಿ ಕೆಳಗೆ ‘ಬೆಕ್ಕು’ ಎಂದು ಬರೆಯುವುದು. ಅಲ್ಲಿ ಗಾಜು ತೊಡೆಯ ಕೆಲಸವನ್ನು ಪೂರ್ತಿಯಾಗಿ ಮಾಡಲಾರದಾದರೂ, ತೊಡೆಯಿದ್ದ ಎಡೆಯನ್ನು ಬರಿದಾಗಿ ಬಿಟ್ಟಿಲ್ಲ.

ಮಕ್ಕಳಿಗಾಗಿ ಕನ್ನಡದಲ್ಲಿ ಆಟಗಳನ್ನು ರಚಿಸುತ್ತಿರುವ ತರುಣ ತಂತ್ರಜ್ಞರಲ್ಲಿ ನನ್ನದೊಂದು ವಿನಂತಿ ಉಂಟು. ನಿಮ್ಮ ಆಟದಲ್ಲಿ ಚುಕ್ಕಿಗಳ ಅಕ್ಷರವನ್ನು ಇಡಿ. ಆದರೆ ಮೂರನೆಯ ಸಲಕ್ಕೆ ಅರ್ಧ ಚುಕ್ಕಿಗಳನ್ನು ತೆಗೆಯಿರಿ, ಐದನೆಯ ಸಲಕ್ಕೆ ಆರಂಭದ ಒಂದನ್ನುಳಿಸಿ ಮಿಕ್ಕವನ್ನೆಲ್ಲ ತೆಗೆಯಿರಿ, ಆರನೆಯ ಸಲಕ್ಕೆ ಬರಿಯ ಹಾಳೆಯನ್ನು ಕೊಡಿ. ದಾರಿ ತಪ್ಪಿದ ಗೆರೆಯನ್ನು ಯಂತ್ರವೇ ಸರಿಪಡಿಸದಿರಲಿ. ಮಗು ಬರೆದದ್ದನ್ನು ಅದು ಬರೆದಂತೆಯೇ ತೋರಿಸಿ, ಪಕ್ಕದಲ್ಲಿ ಸರಿಯಾದ ರೂಪವನ್ನಿಟ್ಟು, ತಿದ್ದುವ ಸ್ವಾತಂತ್ರ್ಯವನ್ನು ಮಗುವಿಗೇ ಬಿಡಿ. ಗುಡಿಸು, ಕೊಂಬು, ಏತ್ವಗಳನ್ನು ಅವುಗಳ ಹೆಸರಿನಿಂದಲೇ ಕರೆಯಿರಿ. ಮತ್ತು ಈ ಲೇಖನವನ್ನು ಓದುತ್ತಿರುವವರ ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದು ಅದರ ಕೈಯಲ್ಲಿ ಈಗ ಇಂತಹದೊಂದು ಹಲಗೆಯಿದ್ದರೆ, ಇಂದೇ ಅದರ ಪಕ್ಕದಲ್ಲಿ ಕುಳಿತು ಒಂದು ಖಾಲಿ ಹಾಳೆಯನ್ನು ತೆರೆದುಕೊಡಿ. ಮಗು ಏನನ್ನು ಬರೆದರೂ, ಇದೇನೆಂದು ಅದನ್ನೇ ಕೇಳಿ.